ಪೊಲೀಸ್ ಕಾರ್ಯಾಚರಣೆಯ ಸಂಸದೀಯ ಕಥನ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಿಂದ ಒಂದು ಮರುವಿಚಾರ

ವಿದೇಶಾಂಗ ಮತ್ತು ರಕ್ಷಣಾ ನೀತಿಗಳನ್ನು ಕುರಿತ ನಮ್ಮ ಬರವಣಿಗೆ ಸಾಮಾನ್ಯವಾಗಿ ದೆಹಲಿಯಲ್ಲಿ ಆರಂಭವಾಗಿ ದೆಹಲಿಯಲ್ಲೇ ಮುಗಿಯುತ್ತದೆ. ಈ ವಿಷಯಗಳಿಗೂ ಒಂದು ತಾಲೂಕಿನ ಚರಿತ್ರೆಗೂ ಸಂಬಂಧವಿದೆಯೆಂದು ಭಾವಿಸುವ ರೂಢಿ ನಮ್ಮ ಸಂಶೋಧನೆಯಲ್ಲಿ ಬೆಳೆದಿಲ್ಲ. ಆದರೆ 1947ರ ಆಗಸ್ಟ್‌ನಿಂದ 1948ರ ಸೆಪ್ಟೆಂಬರ್‌ವರೆಗೆ ಗುಲಬರ್ಗಾ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜನರಿಗೆ ಒಂದು ಸರಕಾರದ ಗಡಿ ಎಲ್ಲಿ ಮುಗಿಯುತ್ತದೆ, ಇನ್ನೊಂದರದು ಎಲ್ಲಿ ತೊಡಗುತ್ತದೆ ಎಂಬುದು ಹೊಲದ ಬದುವಿನಷ್ಟೇ ಹತ್ತಿರದ ಪ್ರಶ್ನೆಯಾಗಿತ್ತು. ಹೈದರಾಬಾದ್ ಸಂಸ್ಥಾನದ ಮೇಲೆ ಭಾರತ ಸರಕಾರ ಕೈಗೊಂಡ ಸೇನಾ ಕಾರ್ಯಾಚರಣೆಯನ್ನು ಅಂದಿನ ಶಾಸನಸಭೆಗೆ ಹೇಗೆ ನಿರೂಪಿಸಲಾಯಿತು, ಏನನ್ನು ನಿರೂಪಿಸಲಿಲ್ಲ, ಆ ಮೌನ ನಮ್ಮ ಕನ್ನಡದ ವಿಮೋಚನಾ ಕಥನಗಳಿಗೆ ಹೇಗೆ ಇಳಿದು ಬಂದಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಸೀಮೆಯ ಸ್ವರೂಪ. ಈ ಮೂರು ತಾಲೂಕುಗಳು ನಿಜಾಮರ ರಾಜ್ಯದ ಪಶ್ಚಿಮದ ಅಂಚು. ಆಳಂದದ ಪಡುವಣಕ್ಕೆ ಅಕ್ಕಲಕೋಟೆ, ಬಡಗಣಕ್ಕೆ ಉಮರ್ಗಾ. ಅಫಜಲಪುರದಿಂದ ಮುಂದೆ ಇಂಡಿ, ಸಿಂದಗಿ. ಜೇವರ್ಗಿಗೂ ಸಿಂದಗಿಯೇ ನೆರೆ. ಇಂಡಿ, ಸಿಂದಗಿಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಭೀಮೆಯ ಎರಡೂ ದಡಗಳಲ್ಲಿ ಒಂದೇ ಕನ್ನಡ, ಒಂದೇ ಜೋಳದ ಬೆಳೆ, ಒಂದೇ ಬೀಗತನ. ಆಡಳಿತ ಮಾತ್ರ ಎರಡು: ಇತ್ತ ಉರ್ದು, ಫಸಲಿ ವರ್ಷ, ಹಾಲಿ ಸಿಕ್ಕಾ, ಅತ್ತ ಮರಾಠಿ, ಇಂಗ್ಲಿಷು, ಕಲದಾರ ರೂಪಾಯಿ. ನಿಜಾಮರ ಕಾಲದ ಕಾಗದಪತ್ರಗಳಲ್ಲಿ ಜೇವರ್ಗಿಯನ್ನು ಹುಡುಕುವವರು ಅಂದೋಲಾ ತಾಲೂಕು ಎಂಬ ಹೆಸರಿನಲ್ಲಿ ಹುಡುಕಬೇಕು. ಇದನ್ನರಿಯದೆ ಜೇವರ್ಗಿಗೆ ಆಕರಗಳೇ ಇಲ್ಲವೆಂದು ಬರೆದವರುಂಟು.

1947ರ ನವೆಂಬರ್ 29ರಂದು ಭಾರತ ಮತ್ತು ನಿಜಾಮರ ನಡುವೆ ಒಂದು ವರ್ಷದ ಅವಧಿಯ ಯಥಾಸ್ಥಿತಿ ಒಪ್ಪಂದವಾಯಿತು. ವಿದೇಶ ವ್ಯವಹಾರ, ರಕ್ಷಣೆ, ಸಂಪರ್ಕಗಳನ್ನು ಕುರಿತಂತೆ ಬ್ರಿಟಿಷರ ಕಾಲದ ಏರ್ಪಾಡುಗಳು ಮುಂದುವರಿಯತಕ್ಕದ್ದೆಂದೂ, ಯುದ್ಧಕಾಲದ ಹೊರತು ಸಂಸ್ಥಾನದಲ್ಲಿ ಸೇನೆಯನ್ನಿರಿಸುವ ಹಕ್ಕು ಭಾರತಕ್ಕೆ ಇಲ್ಲವೆಂದೂ ಅದರಲ್ಲಿತ್ತು. ಈ ಒಪ್ಪಂದದ ಮಹತ್ವ ನಮ್ಮ ಕಥನಗಳಲ್ಲಿ ಸಾಕಷ್ಟು ಗುರುತಿಸಲ್ಪಟ್ಟಿಲ್ಲ. ಹೈದರಾಬಾದು ಪರದೇಶವೇ, ಸ್ವದೇಶವೇ ಎಂಬ ಪ್ರಶ್ನೆಯನ್ನು ಅದು ಬಗೆಹರಿಸಲಿಲ್ಲ, ಒಂದು ವರ್ಷದ ಮಟ್ಟಿಗೆ ಮುಂದೂಡಿತು. ದೆಹಲಿಯಲ್ಲಿ ಈ ವಿಷಯವನ್ನು ನಿರ್ವಹಿಸಿದ್ದು ವಿದೇಶಾಂಗ ಇಲಾಖೆಯಲ್ಲ, ಸರದಾರ್ ಪಟೇಲರ ಸಂಸ್ಥಾನಗಳ ಇಲಾಖೆ. ಹಾಗೆಂದು ಅದು ಆಂತರಿಕ ವಿಷಯವೆಂದು ಪೂರ್ಣವಾಗಿ ಹೇಳುವಂತೆಯೂ ಇರಲಿಲ್ಲ. ಹೈದರಾಬಾದಿನಲ್ಲಿ ಭಾರತದ ಏಜೆಂಟ್ ಜನರಲ್ ಆಗಿ ಕೆ.ಎಂ. ಮುನ್ಷಿಯವರು ಬಂದಿಳಿದರು. ಒಂದು ದೇಶ ತನ್ನದೇ ಪ್ರಾಂತಕ್ಕೆ ಏಜೆಂಟರನ್ನು ಕಳಿಸುವುದಿಲ್ಲ.

ಇಂತಹ ದ್ವಂದ್ವದ ನಡುವೆ ಅಫಜಲಪುರ ಸೀಮೆಯ ಒಂದು ರೈಲು ನಿಲ್ದಾಣ ದೇಶದ ಭದ್ರತಾ ನೀತಿಯ ಕಡತವನ್ನು ಸೇರಿತು. 1948ರ ಮೇ 22ರಂದು ಮದರಾಸು ಮತ್ತು ಮುಂಬಯಿಗಳ ನಡುವೆ ಓಡುವ ಮೇಲ್ ಗಾಡಿಯ ಮೇಲೆ ಗಾಣಗಾಪುರ ನಿಲ್ದಾಣದಲ್ಲಿ ರಜಾಕಾರರು ದಾಳಿ ಮಾಡಿದರು. ದತ್ತಾತ್ರೇಯ ಕ್ಷೇತ್ರಕ್ಕೆ ಹೋಗುವ ಯಾತ್ರಿಕರು ಇಳಿಯುವ ನಿಲ್ದಾಣವದು. ಸಂಸ್ಥಾನದ ಹಳ್ಳಿಗಳಲ್ಲಿ ಅದಕ್ಕಿಂತ ಘೋರವಾದ ಕೃತ್ಯಗಳು ಆಗಲೇ ನಡೆದಿದ್ದವು. ಬೀದರ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡ ಅದೇ ಮೇ ತಿಂಗಳಿನದು. ಆದರೆ ಗೋರ್ಟಾದಲ್ಲಿ ಸತ್ತವರು ನಿಜಾಮರ ಪ್ರಜೆಗಳು, ಗಾಣಗಾಪುರದಲ್ಲಿ ಪೆಟ್ಟು ತಿಂದವರಲ್ಲಿ ಭಾರತದ ಪ್ರಯಾಣಿಕರಿದ್ದರು. ಹೀಗಾಗಿ ಎರಡನೆಯದು ಕೇಂದ್ರ ಸರಕಾರದ ಹೊಣೆಯನ್ನು ನೇರವಾಗಿ ಮುಟ್ಟಿತು. ಸಂಸ್ಥಾನಗಳ ಇಲಾಖೆಯ ಕಾರ್ಯದರ್ಶಿಯಾಗಿದ್ದ ವಿ.ಪಿ. ಮೆನನ್ ಅವರು 1956ರ ತಮ್ಮ ಗ್ರಂಥದಲ್ಲಿ ಈ ಘಟನೆಯನ್ನು ಹೆಸರಿಸಿ ದಾಖಲಿಸಿದ್ದಾರೆ. ಯಾವ ದುಃಖ ಸರಕಾರದ ಭಾಷೆಯಲ್ಲಿ ಸುಲಭವಾಗಿ ಹೇಳಲು ಬರುತ್ತದೆಯೋ ಅದು ಮೊದಲು ದಾಖಲಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಭಾರತ ಸರಕಾರ 1948ರಲ್ಲಿ ಹೈದರಾಬಾದನ್ನು ಕುರಿತು ಶ್ವೇತಪತ್ರವನ್ನು ಪ್ರಕಟಿಸಿತು. ವಿಮೋಚನಾ ಚಳವಳಿಯ ಇತಿಹಾಸಕಾರರು ಇದನ್ನು ಆಕರವಾಗಿ ಬಳಸಿದ್ದಾರೆಯೇ ಹೊರತು ಒಂದು ಪಠ್ಯವಾಗಿ ಓದಿದ್ದು ವಿರಳ. ಪಠ್ಯವಾಗಿ ಓದಿದಾಗ ಅದು ಒಂದು ದಾವೆಯ ಅರ್ಜಿಯಂತೆ ಕಾಣುತ್ತದೆ. ಒಪ್ಪಂದದ ಉಲ್ಲಂಘನೆಗಳು, ಪಾಕಿಸ್ತಾನಕ್ಕೆ ನಿಜಾಮ ಸರಕಾರ ಕೊಟ್ಟ 20 ಕೋಟಿ ರೂಪಾಯಿಗಳ ಸಾಲ, ಭಾರತದ ನಾಣ್ಯದ ಮೇಲಿನ ನಿರ್ಬಂಧ, ರಜಾಕಾರರ ಕೃತ್ಯಗಳು, ಇವೆಲ್ಲವೂ ಆರೋಪಪಟ್ಟಿಯ ರೀತಿಯಲ್ಲಿ ಬರುತ್ತವೆ. ಆರೋಪಗಳು ಸುಳ್ಳೆಂದು ಹೇಳುವುದು ನನ್ನ ಉದ್ದೇಶವಲ್ಲ, ಅವುಗಳ ಬಹುಭಾಗ ನಿಜ. ಆದರೆ ಅರ್ಜಿದಾರನ ಪತ್ರವನ್ನು ತೀರ್ಪೆಂದು ಓದುವುದು ಸಂಶೋಧನೆಯಲ್ಲ. ಪ್ರತಿವಾದಿಯ ಕಥನವಾಗಿ ನಮಗೆ ಸಿಕ್ಕಿದ್ದು ಸಂಸ್ಥಾನದ ಪ್ರಧಾನಿಯಾಗಿದ್ದ ಲಾಯಕ್ ಅಲಿಯವರು 1962ರಲ್ಲಿ ಪಾಕಿಸ್ತಾನದಿಂದ ಪ್ರಕಟಿಸಿದ ಆತ್ಮಕಥನ. ಅದರಲ್ಲಿ ರಜಾಕಾರರ ಹಾವಳಿಯ ಹೊಣೆ ಹೊತ್ತ ದನಿ ಎಲ್ಲಿಯೂ ಕೇಳಿಸದು. ಮುನ್ಷಿಯವರ 1957ರ ಕೃತಿ ಇನ್ನೊಂದು ಬದಿಯ ವಕೀಲರದು, ಮುನ್ಷಿಯವರು ವೃತ್ತಿಯಿಂದಲೂ ವಕೀಲರೇ. ಮೂರೂ ಕೃತಿಗಳಲ್ಲಿ ಆಳಂದದ ನೇಕಾರನಾಗಲಿ, ಭೀಮಾತೀರದ ಒಕ್ಕಲಿಗನಾಗಲಿ ಸಾಕ್ಷಿಯಾಗಿ ಬರುತ್ತಾರೆಯೇ ಹೊರತು ಕಕ್ಷಿದಾರರಾಗಿ ಬರುವುದಿಲ್ಲ.

ಇನ್ನು ಶಾಸನಸಭೆಯ ಪ್ರಶ್ನೆ. 1947ರ ನವೆಂಬರ್‌ನಿಂದ ಸಂವಿಧಾನ ಸಭೆಯೇ ಜಿ.ವಿ. ಮಾವಳಂಕರರ ಸಭಾಪತಿತ್ವದಲ್ಲಿ ಶಾಸಕಾಂಗವಾಗಿಯೂ ಕೆಲಸ ಮಾಡುತ್ತಿತ್ತು. 1948ರ ಸೆಪ್ಟೆಂಬರ್ 7ರಂದು ಪ್ರಧಾನಿ ನೆಹರೂ ಅವರು ಆ ಸಭೆಯಲ್ಲಿ ಹೈದರಾಬಾದನ್ನು ಕುರಿತು ಹೇಳಿಕೆ ನೀಡಿದರು. ರಜಾಕಾರ ಸಂಘಟನೆಯನ್ನು ವಿಸರ್ಜಿಸುವಂತೆಯೂ, ಸಿಕಂದರಾಬಾದಿಗೆ ಭಾರತದ ಸೇನೆ ಮರಳಲು ಅವಕಾಶ ಕೊಡುವಂತೆಯೂ ನಿಜಾಮರನ್ನು ಕೇಳಿರುವುದಾಗಿ ತಿಳಿಸಿದರು. ಆರು ದಿನಗಳ ನಂತರ, 13ರಂದು, ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ನೇತೃತ್ವದ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ದಾರಿ ಹಿಡಿಯಿತು. ಆಳಂದ ಸೀಮೆಯ ಬಡಗಣ ಮಗ್ಗುಲಲ್ಲೇ ಮುಖ್ಯ ದಂಡು ಸಾಗಿತು. 17ರಂದು ನಿಜಾಮರು ಕದನವಿರಾಮ ಸಾರಿದರು, 18ರಂದು ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಶರಣಾದರು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಹೈದರಾಬಾದಿನ ಒಬ್ಬ ಪ್ರತಿನಿಧಿಯೂ ಆ ಸಭೆಯಲ್ಲಿ ಇರಲಿಲ್ಲ. ಸಂಸ್ಥಾನಕ್ಕೆ ಮೀಸಲಾಗಿದ್ದ ಸ್ಥಾನಗಳು ಖಾಲಿಯಾಗಿದ್ದವು, 1949ರ ನವೆಂಬರ್‌ನಲ್ಲಿ ಸಂವಿಧಾನ ಅಂಗೀಕಾರವಾಗುವವರೆಗೂ ಹಾಗೆಯೇ ಉಳಿದವು. ಅಂದರೆ ಯಾವ ಜನರನ್ನು ರಕ್ಷಿಸಲೆಂದು ಸೇನೆ ಹೊರಟಿತೋ, ಯಾವ ಜನರ ಹೊಲ ಮನೆಗಳ ನಡುವೆ ಅದು ಹಾದುಹೋಯಿತೋ, ಅವರ ಪರವಾಗಿ ಪ್ರಶ್ನೆ ಕೇಳುವ ಒಬ್ಬ ಸದಸ್ಯನೂ ಸದನದಲ್ಲಿರಲಿಲ್ಲ. ಚಳವಳಿಯ ನಾಯಕ ಸ್ವಾಮಿ ರಾಮಾನಂದ ತೀರ್ಥರು ಆ ದಿನಗಳಲ್ಲಿ ನಿಜಾಮರ ಸೆರೆಯಲ್ಲಿದ್ದರು. ಎರಡನೆಯದು ಹೆಸರಿನ ಪ್ರಶ್ನೆ. ಸೇನೆ ತನ್ನೊಳಗೆ ಇದನ್ನು ‘ಆಪರೇಷನ್ ಪೋಲೋ’ ಎಂದು ಕರೆಯಿತು, ಸರಕಾರ ಲೋಕಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಹೇಳಿತು. ಪೊಲೀಸರ ಕೆಲಸಕ್ಕೆ ಯುದ್ಧ ಘೋಷಣೆ ಬೇಡ, ಯುದ್ಧಾನಂತರದ ಲೆಕ್ಕವೂ ಬೇಡ. ಹಳ್ಳಿಯವರು ಇಂದಿಗೂ ‘ಪೊಲೀಸ್ ಆ್ಯಕ್ಷನ್’ ಎಂಬ ಮಾತನ್ನು ಇಂಗ್ಲಿಷಿನಲ್ಲೇ ಬಳಸುತ್ತಾರೆ. ಅದಕ್ಕೊಂದು ಕನ್ನಡ ಹೆಸರು ಜನರ ಬಾಯಲ್ಲಿ ಹುಟ್ಟಲಿಲ್ಲವೆಂಬುದು ಭಾಷಾ ಅಧ್ಯಯನಕಾರರು ಯೋಚಿಸಬೇಕಾದ ವಿಷಯ. ‘ರಜಾಕಾರರ ಹಾವಳಿ’ ಎಂಬ ಹೆಸರು ಮಾತ್ರ ತಾನಾಗಿ ಹುಟ್ಟಿತು.

ಈ ಪ್ರಶ್ನೆ ಬಹಿರಂಗ ವಾದಕ್ಕೆ ಬಂದದ್ದು ಪ್ಯಾರಿಸಿನಲ್ಲಿ. ಹೈದರಾಬಾದು 1948ರ ಆಗಸ್ಟ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕಳಿಸಿತ್ತು. ಮಂಡಳಿ ಅದನ್ನು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ರಂದು, ದಂಡು ಹೈದರಾಬಾದಿನ ಕಡೆಗೆ ಸಾಗುತ್ತಿದ್ದಾಗ. ಹೈದರಾಬಾದು ಸ್ವತಂತ್ರ ರಾಷ್ಟ್ರವಲ್ಲವಾದ್ದರಿಂದ ದೂರು ಕೊಡುವ ಅರ್ಹತೆ ಅದಕ್ಕಿಲ್ಲವೆಂದು ಭಾರತದ ಪರವಾಗಿ ಎ. ರಾಮಸ್ವಾಮಿ ಮುದಲಿಯಾರರು ವಾದಿಸಿದರು. ಕದನವಿರಾಮದ ನಂತರ ನಿಜಾಮರು ದೂರನ್ನು ಹಿಂತೆಗೆದುಕೊಂಡರು. ಪರರಾಷ್ಟ್ರಗಳ ಸಭೆಯೊಂದು ಎರಡು ಪಕ್ಷಗಳನ್ನೂ ಕೂರಿಸಿಕೊಂಡು ಕೇಳಿದ ವಿಷಯವನ್ನು ನಮ್ಮದೇ ಸದನ ಪ್ರಧಾನಿಯ ಹೇಳಿಕೆಯ ರೂಪದಲ್ಲಿ ಕೇಳಿತ್ತು.

ನಿಜವಾದ ಪರಿಶೀಲನೆಯ ಅಗತ್ಯ ಉಂಟಾದದ್ದು ಇದರ ನಂತರ. ಸೇನೆ ಬಂದ ಮೇಲಿನ ವಾರಗಳಲ್ಲಿ ಸಂಸ್ಥಾನದ ಪಶ್ಚಿಮ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ವ್ಯಾಪಕ ಹಿಂಸೆ ನಡೆಯಿತೆಂಬ ಸುದ್ದಿ ದೆಹಲಿಗೆ ಮುಟ್ಟಿತು. ನೆಹರೂ ಅವರು ಪಂಡಿತ ಸುಂದರಲಾಲ್, ಉರ್ದು ಪತ್ರಕರ್ತ ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರಿದ್ದ ಸದ್ಭಾವನಾ ನಿಯೋಗವನ್ನು ಕಳಿಸಿದರು. ನಿಯೋಗವು 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೆಯ ವಾರದವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸಂಚರಿಸಿ, 109 ಹಳ್ಳಿಗಳಿಗೆ ಸೇರಿದ 500ಕ್ಕೂ ಹೆಚ್ಚು ಜನರನ್ನು ವಿಚಾರಿಸಿತು. ಒಟ್ಟು 27,000ದಿಂದ 40,000 ಜನ ಪ್ರಾಣ ಕಳೆದುಕೊಂಡಿರಬೇಕೆಂದು ಅದರ ಅಂದಾಜು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡಗಳನ್ನು. ಈ ನಾಲ್ಕರಲ್ಲಿಯೇ ಸತ್ತವರ ಸಂಖ್ಯೆ 18,000ಕ್ಕೆ ಕಡಿಮೆಯಿಲ್ಲವೆಂದು ಅದು ಬರೆಯಿತು. ಅಧಿಕಾರಿಗಳು ಒಟ್ಟಿನಲ್ಲಿ ಶಿಸ್ತು ಕಾಪಾಡಿದರೆಂದು ಮೆಚ್ಚುತ್ತಲೇ, ಸೇನೆ ಮತ್ತು ಪೊಲೀಸರ ಕೆಲವರು ಲೂಟಿಯಲ್ಲಿ, ಇತರ ಅಪರಾಧಗಳಲ್ಲಿ ಪಾಲ್ಗೊಂಡರೆಂದೂ ಹೇಳಿತು. ಹಿಂದೂ ನೇಕಾರರು ತಮ್ಮ ಜೊತೆಗಾರರಾದ ಮುಸಲ್ಮಾನ ನೇಕಾರರನ್ನು ಪ್ರಾಣ ಒತ್ತೆಯಿಟ್ಟು ಉಳಿಸಿದ ಸಂಗತಿಯೂ ಅದರಲ್ಲಿದೆ. ವರದಿಯನ್ನು ಖಂಡಿಸುವವರೂ ಕೊಂಡಾಡುವವರೂ ಈ ಕೊನೆಯ ಮಾತನ್ನು ಒಂದೇ ಬಗೆಯಲ್ಲಿ ಬಿಟ್ಟುಬಿಡುತ್ತಾರೆ.

ಈ ವರದಿ ಸದನದ ಮುಂದೆ ಬರಲಿಲ್ಲ. ಪಟೇಲರಿಗೆ ನಿಯೋಗದ ಬಗ್ಗೆಯೇ ಆಕ್ಷೇಪವಿತ್ತು. ಪ್ರಕಟಿಸದಿರಲು ಕಾರಣಗಳು ಇರಲಿಲ್ಲವೆಂದಲ್ಲ. ದೇಶವಿಭಜನೆಯ ಗಾಯ ಹಸಿಯಾಗಿತ್ತು, ಕಾಶ್ಮೀರದ ಪ್ರಶ್ನೆ ಭದ್ರತಾ ಮಂಡಳಿಯಲ್ಲಿತ್ತು, ತೆಲಂಗಾಣದಲ್ಲಿ ಕಮ್ಯುನಿಸ್ಟರ ಸಶಸ್ತ್ರ ಹೋರಾಟ ನಡೆಯುತ್ತಿತ್ತು, ಹೈದರಾಬಾದಿನ ದೂರು 1949ರ ಮೇ ತಿಂಗಳಲ್ಲಿಯೂ ಮಂಡಳಿಯ ಚರ್ಚೆಗೆ ಬಂದಿತ್ತು. 1949ರ ಮಟ್ಟಿಗೆ ಈ ಸಂಕೋಚವನ್ನು ಅರ್ಥಮಾಡಿಕೊಳ್ಳಬಹುದು. 1959ಕ್ಕೆ, 1969ಕ್ಕೆ ಅದೇ ಸಮರ್ಥನೆ ಸಲ್ಲದು. ವಿಷಯ ಹೊರಗೆ ತಿಳಿದಿರಲಿಲ್ಲವೆಂದೂ ಹೇಳುವಂತಿಲ್ಲ. ವಿಲ್‌ಫ್ರೆಡ್ ಕಾಂಟ್‌ವೆಲ್ ಸ್ಮಿತ್ ಅವರು 1950ರಲ್ಲೇ ವಿದೇಶಿ ನಿಯತಕಾಲಿಕವೊಂದರಲ್ಲಿ ಇದನ್ನು ಕುರಿತು ಬರೆದಿದ್ದರು. 1988ರಲ್ಲಿ ಒಮರ್ ಖಾಲಿದಿ ಅವರ ಸಂಕಲನದಲ್ಲಿ ವರದಿಯ ಭಾಗಗಳು ಬಂದವು, 2013ರಲ್ಲಿ ಎ.ಜಿ. ನೂರಾನಿ ಅವರ ಗ್ರಂಥದ ಅನುಬಂಧವಾಗಿ ಅದು ಓದುಗರ ಕೈಸೇರಿತು. ಗುಲಬರ್ಗಾ ಜಿಲ್ಲೆಯನ್ನು ಕುರಿತ ಒಂದು ಸರಕಾರಿ ವಿಚಾರಣೆ ಗುಲಬರ್ಗಾದ ಓದುಗನಿಗೆ ದೊರೆಯಲು ಆರು ದಶಕಗಳು ಕಳೆದವು.

ವರದಿಯ ಮಿತಿಗಳನ್ನೂ ಹೇಳಬೇಕು. ಅದು ಶಾಸನಬದ್ಧ ತನಿಖಾ ಆಯೋಗವಲ್ಲ. ಸಾಕ್ಷಿಗಳನ್ನು ಪ್ರಮಾಣದ ಮೇಲೆ ಕೇಳುವ ಅಧಿಕಾರ ಅದಕ್ಕಿರಲಿಲ್ಲ. ಸಂಖ್ಯೆಗಳು ಅಂದಾಜುಗಳು, ಎಣಿಕೆಗಳಲ್ಲ. ಸೆಪ್ಟೆಂಬರ್‌ಗೆ ಮೊದಲಿನ ರಜಾಕಾರರ ಕೃತ್ಯಗಳ ವಿಚಾರಣೆ ಅದರ ವ್ಯಾಪ್ತಿಯಲ್ಲಿರಲಿಲ್ಲ. ಇವೆಲ್ಲವೂ ಸದನದ ಸಮಿತಿಯೊಂದು ಕೇಳಬಹುದಾಗಿದ್ದ ಪ್ರಶ್ನೆಗಳು. ಕೇಳಿದ್ದರೆ ಅಂದಾಜು ಎಣಿಕೆಯಾಗುತ್ತಿತ್ತು, ಇಲ್ಲವೇ ತಪ್ಪೆಂದು ಸಾಬೀತಾಗುತ್ತಿತ್ತು. ಸದನಕ್ಕೆ ಬಾರದ ಕಾಗದ ಎರಡೂ ಬಗೆಯ ಉತ್ಪ್ರೇಕ್ಷೆಗೆ ಆಹಾರವಾಗಿ ಉಳಿಯಿತು: ಒಬ್ಬರು ಏನೂ ನಡೆಯಲಿಲ್ಲವೆಂದರು, ಇನ್ನೊಬ್ಬರು ಎರಡು ಲಕ್ಷವೆಂದರು.

ಆ ಹದಿನೈದು ತಿಂಗಳ ಆಡಳಿತದ ಇನ್ನೊಂದು ಮುಖವೂ ಉಂಟು. 1949ರ ಕೊನೆಯವರೆಗೆ ಚೌಧುರಿ ಅವರೇ ಸೇನಾ ರಾಜ್ಯಪಾಲರು. ಜಾಗೀರು ರದ್ದಿಯಾತಿ ನಿಬಂಧನೆ, ಫಸಲಿ 1358, ಅವರ ಆಡಳಿತದಲ್ಲಿಯೇ 1949ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿತು. ಜಾಗೀರು, ಪಾಯಗಾ, ಇನಾಮುಗಳಿಂದ ತುಂಬಿದ್ದ ಗುಲಬರ್ಗಾ ಜಿಲ್ಲೆಯ ರೈತನಿಗೆ ಅದಕ್ಕಿಂತ ದೊಡ್ಡ ಸುಧಾರಣೆ ಅಂದಿನವರೆಗೆ ಬಂದಿರಲಿಲ್ಲ. ಅದು ಕೂಡ ಯಾವ ಚುನಾಯಿತ ಸಭೆಯಲ್ಲೂ ಚರ್ಚೆಯಾಗದೆ ಬಂದ ಕಾನೂನು. ಒಳ್ಳೆಯದು ಸದನವನ್ನು ಕೇಳದೆ ಬಂದಾಗ ನಾವು ಆಕ್ಷೇಪಿಸುವುದಿಲ್ಲ, ಕೆಟ್ಟದ್ದು ಸದನಕ್ಕೆ ತಿಳಿಯದೆ ಹೋದಾಗ ಮಾತ್ರ ಕೇಳುತ್ತೇವೆ ಎಂಬ ಅಸಂಗತಿ ಈ ಲೇಖನಕ್ಕೂ ತಗಲುತ್ತದೆ. ಆದರೂ ಒಂದು ವ್ಯತ್ಯಾಸವಿದೆ. ಜಾಗೀರು ಕಾನೂನು ಪ್ರಕಟವಾದ ಪತ್ರ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಿತ್ತು. ಸುಂದರಲಾಲ್ ವರದಿಯನ್ನು ಯಾರೂ ಎಲ್ಲಿಯೂ ಪ್ರಶ್ನಿಸುವಂತಿರಲಿಲ್ಲ.

ಗುಲಬರ್ಗಾ ತನ್ನ ಮೊದಲ ಸಂಸದರನ್ನು ಆರಿಸಿದ್ದು 1952ರಲ್ಲಿ. ಆಯ್ಕೆಯಾದವರು ಸ್ವಾಮಿ ರಾಮಾನಂದ ತೀರ್ಥರೇ. ಆ ಐದು ವರ್ಷಗಳಲ್ಲಿ ಅವರ ರಾಜಕಾರಣದ ಕೇಂದ್ರ ಹೈದರಾಬಾದ್ ರಾಜ್ಯವನ್ನು ಭಾಷಾವಾರು ವಿಂಗಡಿಸುವುದಾಗಿತ್ತು. 1956ರ ನವೆಂಬರ್ 1ರಂದು ಗುಲಬರ್ಗಾ, ರಾಯಚೂರು, ಬೀದರಗಳು ಮೈಸೂರು ರಾಜ್ಯವನ್ನು ಸೇರಿದವು. ಏಕೀಕರಣದ ಸಂಭ್ರಮದಲ್ಲಿ 1948ರ ಕಾಗದಗಳ ಪ್ರಶ್ನೆ ಬೆಂಗಳೂರಿನದಾಗಲಿಲ್ಲ, ದೆಹಲಿಯದಾಗಿಯೂ ಉಳಿಯಲಿಲ್ಲ. ಮುಂಬಯಿ ಕರ್ನಾಟಕದವರಿಗೂ ಹಳೆಯ ಮೈಸೂರಿನವರಿಗೂ ಅದು ಪರಕೀಯ ನೆನಪು.

ಕನ್ನಡದ ವಿಮೋಚನಾ ಸಾಹಿತ್ಯ ಈ ಪರಿಸರದಲ್ಲಿ ಬೆಳೆಯಿತು. ಮುಂಡರಗಿ, ಗಜೇಂದ್ರಗಡಗಳ ಗಡಿ ಶಿಬಿರಗಳು, ಅಳವಂಡಿ ಶಿವಮೂರ್ತಿಸ್ವಾಮಿಗಳಂತಹ ನಾಯಕರು, ನಾಕಾಗಳ ಮೇಲಿನ ದಾಳಿ, ತಲೆಮರೆಸಿಕೊಂಡ ದಿನಗಳು: ಇವುಗಳನ್ನು ಬರೆದವರು ಅನುಭವಿಸಿ ಬರೆದಿದ್ದಾರೆ, ಆ ಬರವಣಿಗೆಗೆ ನಾವು ಋಣಿಗಳು. ಆದರೆ ಅವುಗಳ ಪೈಕಿ ಬಹುತೇಕ ಕೃತಿಗಳು 1948ರ ಸೆಪ್ಟೆಂಬರ್ 17ಕ್ಕೆ ಮುಗಿಯುತ್ತವೆ. ಧ್ವಜ ಏರುತ್ತದೆ, ಅಧ್ಯಾಯ ಮುಗಿಯುತ್ತದೆ. ಈ ಕಾಲಗಣನೆ ಜನಜೀವನದಿಂದ ಹುಟ್ಟಿದ್ದಲ್ಲ, ದೆಹಲಿಯ ಪ್ರಕಟಣೆಯಿಂದ ಬಂದದ್ದು ಎಂಬುದು ನನ್ನ ವಾದ. ಊರಿನಲ್ಲಿ ಆ ವರ್ಷ 17ಕ್ಕೆ ಮುಗಿಯಲಿಲ್ಲ. ಓಡಿಹೋದವರು ಮರಳಿದರು, ಇನ್ನು ಕೆಲವರು ಓಡಿದರು, ಹೊಲಗಳ ಕಬಜಾ ಬದಲಾಯಿತು. ಸ್ವಾತಂತ್ರ್ಯ ಹೋರಾಟಗಾರನು ತಾನು ಕಂಡದ್ದನ್ನೆಲ್ಲ ಬರೆಯಲಿಲ್ಲವೆಂದು ದೂರುವುದು ಸುಲಭ. ಸದನವೇ ಕೇಳದಿದ್ದ ಪ್ರಶ್ನೆಯನ್ನು ಆತನೊಬ್ಬ ಕೇಳಿಕೊಳ್ಳಬೇಕಿತ್ತೆಂದು ನಿರೀಕ್ಷಿಸುವುದು ನ್ಯಾಯವಲ್ಲ. ನಂತರದ ತಲೆಮಾರಿನ ವಿದ್ವಾಂಸರಿಗೆ ಈ ರಿಯಾಯಿತಿ ಇಲ್ಲ. ಗೋರ್ಟಾವನ್ನು ಬರೆದರೆ ಅಕ್ಟೋಬರ್ ತಿಂಗಳನ್ನು ಬಿಡಬೇಕು, ಅಕ್ಟೋಬರ್ ಬರೆದರೆ ಗೋರ್ಟಾವನ್ನು ಸಣ್ಣದು ಮಾಡಬೇಕು ಎಂಬ ಅಲಿಖಿತ ನಿಯಮವನ್ನು ಯಾರೂ ವಿಧಿಸಿಲ್ಲ, ಆದರೂ ಎರಡೂ ಪಾಳೆಯದವರು ಪಾಲಿಸುತ್ತಿದ್ದಾರೆ.

ಮುಚ್ಚಿದ ವರದಿಯ ಪರಂಪರೆ ಹೈದರಾಬಾದಿಗೆ ನಿಲ್ಲಲಿಲ್ಲ. 1962ರ ಚೀನಾ ಯುದ್ಧದ ಸೋಲನ್ನು ಕುರಿತು ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರಿಂದ ವಿಚಾರಣೆ ಮಾಡಿಸಿದವರು ಆಗ ಭೂಸೇನಾ ಮುಖ್ಯಸ್ಥರಾಗಿದ್ದ ಅದೇ ಜೆ.ಎನ್. ಚೌಧುರಿ. 1963ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವ ವೈ.ಬಿ. ಚವ್ಹಾಣರು ಲೋಕಸಭೆಗೆ ಹೇಳಿಕೆ ಕೊಟ್ಟರು, ವರದಿಯನ್ನು ಮಂಡಿಸಲಿಲ್ಲ. ಆದರೂ 1962ರ ನವೆಂಬರ್‌ನಲ್ಲಿ ಯುದ್ಧದ ನಡುವೆಯೇ ಲೋಕಸಭೆ ಹಲವು ದಿನ ಚರ್ಚಿಸಿತ್ತು ಎಂಬ ವ್ಯತ್ಯಾಸ ಗಮನಾರ್ಹ. 1993ರಲ್ಲಿ ಇಲಾಖಾವಾರು ಸ್ಥಾಯೀ ಸಮಿತಿಗಳು ಬಂದ ಮೇಲೆ ರಕ್ಷಣೆ, ವಿದೇಶಾಂಗಗಳಿಗೆ ಪ್ರತ್ಯೇಕ ಸಮಿತಿಗಳಾದವು. ಗುಲಬರ್ಗಾದ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾಗಿದ್ದಾಗ, 2018ರ ಡಿಸೆಂಬರ್ 14ರ ರಫೇಲ್ ತೀರ್ಪಿನಲ್ಲಿ ಮಹಾಲೇಖಪಾಲರ ವರದಿಯನ್ನು ಆ ಸಮಿತಿ ಪರಿಶೀಲಿಸಿದೆಯೆಂಬ ವಾಕ್ಯ ಸೇರಿತ್ತು. ಅಂತಹ ವರದಿ ತಮ್ಮ ಮುಂದೆ ಬಂದಿಲ್ಲವೆಂದು ಅಧ್ಯಕ್ಷರು ಹೇಳಿದರು, ಸರಕಾರ ವಾಕ್ಯದ ತಿದ್ದುಪಡಿ ಕೋರಿ ನ್ಯಾಯಾಲಯಕ್ಕೆ ಅರ್ಜಿ ಹಾಕಿತು. ವರದಿ ಸದನಕ್ಕೆ ಬಂದದ್ದು 2019ರ ಫೆಬ್ರವರಿ 13ರಂದು, ಅದೂ ಬೆಲೆಯ ಅಂಕಿಗಳನ್ನು ಮರೆಮಾಡಿ. ರಾಜಕೀಯ ವಾಗ್ವಾದವನ್ನು ಬದಿಗಿಟ್ಟು ನೋಡಿದರೂ ಒಂದು ಅಂಶ ಉಳಿಯುತ್ತದೆ. ಈ ಸಲ, ಕಾಗದ ಬಂದಿಲ್ಲವೆಂದು ಹೇಳುವ ಅಧಿಕಾರವುಳ್ಳ ಒಬ್ಬ ಸದಸ್ಯ ಇದ್ದರು, ಅವರು ಈ ಜಿಲ್ಲೆಯ ಪ್ರತಿನಿಧಿಯಾಗಿದ್ದರು. 1948ರಲ್ಲಿ ಆ ಆಸನವೇ ಖಾಲಿಯಿತ್ತು.

ಸೆಪ್ಟೆಂಬರ್ 17 ಈಗ ಅಧಿಕೃತ ದಿನ. ರಾಜ್ಯ ಸರಕಾರ 2019ರಲ್ಲಿ ಈ ಭಾಗವನ್ನು ಕಲ್ಯಾಣ ಕರ್ನಾಟಕವೆಂದು ಕರೆಯಿತು, ಕೇಂದ್ರ ಸರಕಾರ 2024ರಲ್ಲಿ ಆ ದಿನವನ್ನು ಹೈದರಾಬಾದ್ ವಿಮೋಚನಾ ದಿನವೆಂದು ಅಧಿಸೂಚಿಸಿತು. ಆಚರಣೆಗೆ ಬೇಕಾದ ಆಕರಗಳು ಸಾಕಷ್ಟಿವೆ, ಅಧ್ಯಯನಕ್ಕೆ ಬೇಕಾದವು ಇನ್ನೂ ತಾಲೂಕು ಕಚೇರಿಗಳಲ್ಲಿವೆ. ಮೂರೂ ತಾಲೂಕುಗಳ ಪಹಣಿ ಮತ್ತು ಜಮಾಬಂದಿ ಪತ್ರಗಳಲ್ಲಿ ಕಬಜೇದಾರರ ಹೆಸರು ಯಾವ ತಿಂಗಳಲ್ಲಿ, ಯಾವ ಕಾರಣ ನಮೂದಾಗಿ ಬದಲಾಯಿತೆಂಬುದನ್ನು ಊರೂರಿಗೆ ಪಟ್ಟಿ ಮಾಡಿದರೆ ಸುಂದರಲಾಲ್ ವರದಿಯ ಅಂದಾಜನ್ನು ಮೊದಲ ಬಾರಿಗೆ ಒರೆಗೆ ಹಚ್ಚಿದಂತಾಗುತ್ತದೆ. ಆ ಪತ್ರಗಳು ಉರ್ದುವಿನಲ್ಲಿವೆ. ಅವನ್ನು ಓದಬಲ್ಲ ಕನ್ನಡ ಸಂಶೋಧಕರು ಕೆಲವರೇ. ಓದುವವರು ಫಸಲಿ 1357ರ ಕೊನೆಯ ತಿಂಗಳನ್ನೂ 1358ರ ಇಡೀ ವರ್ಷವನ್ನೂ ನೋಡಬೇಕು. ಜೇವರ್ಗಿಯನ್ನು ಹುಡುಕುವವರು ಅಂದೋಲಾದ ಹೆಸರಿನಲ್ಲಿರುವ ಹಳೆಯ ಕಟ್ಟುಗಳನ್ನೂ ಬಿಚ್ಚಬೇಕು.